ಅಪರೂಪ ಅಂದುಬಿಟ್ಟರೆ ಮುಗೀತಾ?

"ಗ್ಯಾಸ್ಟ್ರಿಕ್ ಇರ್ಬೇಕು. ಬೆಳಿಗ್ಗೆ ಏನು ತಿಂದ್ರಿ?"

ಎದೆ ಹಿಡ್ಕೊಂಡು, ಬೆವರಿಳಿಸ್ಕೊಂಡು, ಎಡಗೈ ಸೆಳೀತಿದೆ ಅಂತ ಬಂದ 41 ವರ್ಷದ ಹೆಂಗಸಿಗೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಇದು. ಆಕೆ ನನ್ನ ಅಕ್ಕ. ಶುಗರ್ ಇಲ್ಲ, ಬಿಪಿ ಇಲ್ಲ, ಕೊಲೆಸ್ಟರಾಲ್ ಇಲ್ಲ. ಒಂದು ಇಸಿಜಿ ಕೂಡ ತೆಗೀದೆ, ಅಸಿಡಿಟಿಗೆ ಇಂಜೆಕ್ಷನ್ ಚುಚ್ಚಿ, "ಟೆನ್ಷನ್ ಕಮ್ಮಿ ಮಾಡ್ಕೊಳಿ ಮೇಡಂ" ಅಂತ ಮನೆಗೆ ಕಳಿಸಿದ್ರು. ರಾತ್ರಿ ಮತ್ತೆ ನೋವು. ಬೇರೆ ಆಸ್ಪತ್ರೆ. ರಕ್ತದಲ್ಲಿ ಟ್ರೋಪೊನಿನ್ ಏರಿತ್ತು, ಅಂದ್ರೆ ಹಾರ್ಟ್ ಅಟ್ಯಾಕೇ. ಆಂಜಿಯೋಗ್ರಾಮ್ ಮಾಡಿದ ಹುಡುಗ ವಯಸ್ಸಿನ ಡಾಕ್ಟರು ಪರದೆ ಮೇಲೆ ಬೆರಳಿಟ್ಟು, "ಇದು ಕೊಬ್ಬಿನ ಬ್ಲಾಕ್ ಅಲ್ಲ, ಸ್ಕ್ಯಾಡ್. ರಕ್ತ ಹರೀತಿದೆ, ಸ್ಟೆಂಟ್ ಹಾಕಲ್ಲ, ಕಾಯೋಣ" ಅಂದ್ರು. ಪುಣ್ಯಾತ್ಮ, ಎಲ್ಲಿದ್ದರೂ ಚೆನ್ನಾಗಿರಲಿ.

ಸ್ಕ್ಯಾಡ್ ಅಂದ್ರೆ ಹೃದಯಕ್ಕೆ ರಕ್ತ ಕೊಡುವ ನಾಳ ತಾನಾಗೇ ಒಳಗೆ ಸೀಳೋದು. ನಾಳದ ಗೋಡೆಯಲ್ಲಿ ಪದರಗಳಿರ್ತವೆ. ಒಳಪದರ ಹರಿದೋ, ಗೋಡೆಯೊಳಗೇ ರಕ್ತ ಒಸರಿಯೋ, ಪದರಗಳ ಮಧ್ಯೆ ರಕ್ತ ತುಂಬ್ಕೊಳ್ಳುತ್ತೆ. ಮಳೆಗಾಲದಲ್ಲಿ ನೀರು ಕುಡಿದ ಗೋಡೆಯ ಪೇಂಟು ಹಪ್ಪಳದ ಥರ ಉಬ್ಬುತ್ತಲ್ಲ, ಹಾಗೆ. ಆ ಉಬ್ಬು ಒಳಗಿನ ದಾರಿಯನ್ನ ಒತ್ತಿಬಿಡುತ್ತೆ. ಇದು ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಹೆಂಗಸರು, ಬಹಳಷ್ಟು ಜನ ನಲವತ್ತು ಐವತ್ತರ ಆಸುಪಾಸಿನವರು. ಬಸುರಿ ಬಾಣಂತಿಯರಿಗೆ ಬರುವ ಹೃದಯಾಘಾತಕ್ಕೆ ಮುಖ್ಯ ಕಾರಣವೇ ಇದು.

ಆಮೇಲೆ ಶುರುವಾಯ್ತು ನೋಡಿ ನಮ್ಮ ಅಲೆದಾಟ. ಮುಂದೇನು ಅಂತ ಕೇಳೋಕೆ ಮೂರು ಕಡೆ ಹೋದ್ವಿ. ಮೂರೂ ಕಡೆ ಒಂದೇ ಮಾತು: "ಬಹಳ ಅಪರೂಪದ ಕಾಯಿಲೆ ಕಣಮ್ಮ, ತಲೆ ಕೆಡಿಸ್ಕೋಬೇಡಿ." ನನಗೆ ಸಿಟ್ಟು ಬಂದಿರೋದು ಈ ಮಾತಿನ ಮೇಲೆ. ಅಪರೂಪ ಅಂತ ನಿಮಗೆ ಹೇಗೆ ಗೊತ್ತು ಸ್ವಾಮಿ? ಹುಡುಕಿದ್ದೀರಾ?

ಹುಡುಕಿದವರ ಕಥೆ ಕೇಳಿ. ಈ ಕಾಯಿಲೆ ಮೊದಲು ದಾಖಲಾಗಿದ್ದು 1931ರಲ್ಲಿ, ಬ್ರಿಟನ್ನಿನಲ್ಲಿ, 42 ವರ್ಷದ ಹೆಂಗಸೊಬ್ಬಳ ಹೆಣ ಕೊಯ್ದಾಗ. ನಮ್ಮಕ್ಕನಿಗಿಂತ ಒಂದೇ ವರ್ಷ ದೊಡ್ಡವಳು. ಅಲ್ಲಿಂದ ಎಂಟು ದಶಕ ವೈದ್ಯ ಪತ್ರಿಕೆಗಳಲ್ಲಿ ಅಲ್ಲೊಂದು ಇಲ್ಲೊಂದು ವಿಚಿತ್ರ ಪ್ರಕರಣ ಅಂತ ಬರ್ತಾ ಇತ್ತು, ಅಷ್ಟೆ. ಅದನ್ನ ಬದಲಾಯಿಸಿದ್ದು ರೋಗಿಗಳು! ಅಮೆರಿಕದಲ್ಲಿ ಇದೇ ಕಾಯಿಲೆಯಿಂದ ಬದುಕುಳಿದ ಹೆಂಗಸರು ಒಬ್ಬರನ್ನೊಬ್ಬರು ಹುಡುಕ್ಕೊಂಡು, 2009ರಲ್ಲಿ ಮೇಯೋ ಕ್ಲಿನಿಕ್ಕಿನ ಡಾ. ಶರಾನ್ ಹೇಯ್ಸ್ ಬೆನ್ನು ಹತ್ತಿದರು, ನಮ್ಮ ಮೇಲೆ ಸಂಶೋಧನೆ ಮಾಡಿ ಅಂತ. ಬರೀ 12 ಜನರ ಮೊದಲ ಅಧ್ಯಯನ 2011ರಲ್ಲಿ ಅಚ್ಚಾಯ್ತು. ಆಮೇಲೆ ಮೇಯೋದ ನೋಂದಣಿ ಪುಸ್ತಕದಲ್ಲಿ ಹೆಸರುಗಳು ಸಾವಿರ ದಾಟಿದವು.

ಕೆನಡಾದ ವ್ಯಾಂಕೂವರಿನ ಡಾ. ಜ್ಯಾಕ್ವೆಲಿನ್ ಸಾ ಮಾಡಿದ್ದು ನನಗೆ ಇನ್ನೂ ಇಷ್ಟ. ಆಕೆ ಹೊಸ ಯಂತ್ರ ಏನೂ ತರಲಿಲ್ಲ, ಐವತ್ತು ದಾಟದ ಹೆಂಗಸರ ಹಳೇ ಆಂಜಿಯೋಗ್ರಾಮ್‌ಗಳನ್ನ ಎಳೆದು ಮತ್ತೆ ನೋಡಿದರು. ಹೃದಯಾಘಾತ ಆಗಿದ್ದವರಲ್ಲಿ ಸುಮಾರು ಕಾಲು ಭಾಗ ಸ್ಕ್ಯಾಡ್! ಇದರ ಅತಿ ಸಾಮಾನ್ಯ ಬಗೆಯಲ್ಲಿ ಸೀಳಿನ ಗೆರೆ ಕಾಣೋದೇ ಇಲ್ಲ. ನಾಳ ಉದ್ದಕ್ಕೆ ನುಣ್ಣಗೆ ಸಣ್ಣಗಾಗಿರುತ್ತೆ, ಅಷ್ಟೆ. ಗೊತ್ತಿಲ್ಲದ ಕಣ್ಣಿಗೆ ಅದು ನಾರ್ಮಲ್. ಈ ಬಗೆಗಳನ್ನ ಆಕೆ ವಿಂಗಡಿಸಿ ಬರೆದದ್ದು 2014ರಲ್ಲಿ. 2018ರಲ್ಲಿ ಅಮೆರಿಕ, ಯುರೋಪ್ ಎರಡೂ ಕಡೆಯ ಹೃದ್ರೋಗ ಸಂಘಗಳು ಇದರ ಬಗ್ಗೆ ವಿವರವಾದ ಹೇಳಿಕೆ ಹೊರಡಿಸಿದವು. ಇಂಗ್ಲೆಂಡಿನ ಲೆಸ್ಟರಿನಲ್ಲಿ ಡಾ. ಡೇವಿಡ್ ಆಡ್ಲಮ್ ಇದಕ್ಕೇ ಅಂತ ಕ್ಲಿನಿಕ್ ನಡೆಸಿದರು.

ಹೆಸರು ಗೊತ್ತಾದರೆ ಏನು ಲಾಭ ಅಂತೀರಾ? ಲಾಭ ಇದೆ, ಯಾಕಂದ್ರೆ ಮಾಮೂಲಿ ಹೃದಯಾಘಾತಕ್ಕೆ ಮಾಡೋದನ್ನೇ ಇದಕ್ಕೂ ಮಾಡಿದರೆ ಕೆಡಬಹುದು. ಸ್ಟೆಂಟಿನ ತಂತಿ ಸೀಳಿನೊಳಗೇ ನುಗ್ಗಬಹುದು. ಬಲೂನು ಒತ್ತಿದಾಗ ಪದರದಲ್ಲಿರೋ ರಕ್ತ ಟೂತ್‌ಪೇಸ್ಟಿನ ಹಾಗೆ ಮುಂದಕ್ಕೆ ಸರಿದು ಸೀಳು ಉದ್ದ ಆಗಬಹುದು. ರಕ್ತ ಹರೀತಿದ್ದು ರೋಗಿ ಸ್ಥಿರವಾಗಿದ್ದರೆ ಬಹುತೇಕ ತಾನಾಗೇ ವಾಸಿಯಾಗುತ್ತೆ. ಮುಖ್ಯ ನಾಳವೇ ಮುಚ್ಚಿದ್ದರೆ ಮಾತು ಬೇರೆ, ಆಗ ಕೈ ಹಾಕಲೇಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ನೂ ಸ್ಕ್ಯಾಡ್‌ಗೆ ಒಳ್ಳೇದಲ್ಲ. ಹಾಗಂತ ಇದನ್ನೋದಿ ಯಾರೂ ತಾಲ್ಲೂಕು ಆಸ್ಪತ್ರೆಯಲ್ಲಿ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯ ಇಂಜೆಕ್ಷನ್ ಬೇಡ ಅನ್ನೋಕೆ ಹೋಗಬೇಡಿ! ಬಹುಪಾಲು ಜನಕ್ಕೆ ಅದು ಜೀವ ಉಳಿಸೋ ಔಷಧಿ, ಆಂಜಿಯೋಗ್ರಾಮ್ ಇಲ್ಲದೆ ಅಲ್ಲಿ ಸ್ಕ್ಯಾಡ್ ಗೊತ್ತಾಗೋ ಹಾಗೂ ಇಲ್ಲ. ನಾನು ಕೇಳೋದು ಇಷ್ಟೇ: ಆಮೇಲೆ ಆಂಜಿಯೋಗ್ರಾಮ್ ನೋಡೋರ ತಲೆಯಲ್ಲಿ ಈ ಕಾಯಿಲೆಯ ಹೆಸರಿರಲಿ.

ಅಕ್ಕನಿಗೆ ಕೊಟ್ಟ ಡಯಟ್ ಚೀಟಿ ನೋಡಬೇಕಿತ್ತು. ತುಪ್ಪ ಬೇಡ, ಕಾಯಿ ಬೇಡ, ಎಣ್ಣೆ ಬೇಡ. ಕೊಬ್ಬಿನಿಂದ ಬರದ ಕಾಯಿಲೆಗೆ ಒಂದು ವರ್ಷ ಕಾಯಿಚಟ್ನಿ ಮುಟ್ಟಲಿಲ್ಲ ಅವಳು. ಅದರ ಬದಲು ಹೇಳಬೇಕಿದ್ದನ್ನ ಯಾರೂ ಹೇಳಲಿಲ್ಲ. ಬಿಪಿ ಏರದ ಹಾಗೆ ನೋಡ್ಕೋಬೇಕು. ಕತ್ತಿನ, ಕಿಡ್ನಿಯ, ಮಿದುಳಿನ ನಾಳಗಳನ್ನೂ ಒಮ್ಮೆ ಸ್ಕ್ಯಾನ್ ಮಾಡಿಸಬೇಕು, ಯಾಕಂದ್ರೆ ಬಹಳ ಜನಕ್ಕೆ ಅಲ್ಲೂ ಫೈಬ್ರೋಮಸ್ಕ್ಯುಲರ್ ಡಿಸ್‌ಪ್ಲೇಸಿಯಾ ಅನ್ನೋ ತೊಂದರೆ ಇರುತ್ತೆ. ಮತ್ತೆ ಬರಬಹುದು, ಹತ್ತರಲ್ಲಿ ಒಬ್ಬರಿಗಾದರೂ ಬರುತ್ತೆ. ಬೀಟಾ ಬ್ಲಾಕರ್ ತಗೊಂಡವರಲ್ಲಿ ಅದು ಕಮ್ಮಿ ಅಂತ ವ್ಯಾಂಕೂವರಿನವರು 2017ರಲ್ಲಿ ಬರೆದಿದ್ದಾರೆ. ಇಷ್ಟನ್ನ ನಾವು ನಾವೇ ಓದಿ ತಿಳ್ಕೊಂಡು, ಪ್ರಿಂಟ್ ತಗೊಂಡು, ಡಾಕ್ಟರಿಗೆ ಸಿಟ್ಟು ಬರದ ಹಾಗೆ ಮುಂದಿಡಬೇಕಾಯ್ತು.

2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಜಯದೇವದ ಮುಂದೆ ಕ್ಯೂ, ಟಿವಿಯಲ್ಲಿ ಲಸಿಕೆ ಜಗಳ. ಆ ಸಾವುಗಳಿಗೆ ಸ್ಕ್ಯಾಡ್ ಕಾರಣ ಅಂತ ನಾನು ಖಂಡಿತ ಹೇಳ್ತಿಲ್ಲ. ಆದರೆ ಅಷ್ಟು ದಿನದ ಚರ್ಚೆಯಲ್ಲಿ ನಾನು ಕೇಳಿದಷ್ಟರಲ್ಲಿ ಈ ಹೆಸರು ಒಂದು ಸಲವೂ ಬರಲಿಲ್ಲ ಕಣ್ರೀ.

ದೊಡ್ಡ ಕಟ್ಟಡ ಕಟ್ಟಿ ಅಂತ ಕೇಳ್ತಿಲ್ಲ. ಪ್ರತಿ ಕ್ಯಾತ್ ಲ್ಯಾಬಿನಲ್ಲೂ ಹಳೇ ಆಂಜಿಯೋಗ್ರಾಮ್‌ಗಳು ಇದ್ದೇ ಇರ್ತವೆ. ಐವತ್ತರೊಳಗಿನ ಹೆಂಗಸರದ್ದಷ್ಟೇ ಬೇರೆ ಮಾಡಿ, ಗೊತ್ತಿರೋ ಒಬ್ಬರನ್ನ ಕೂರಿಸಿ ಮತ್ತೆ ನೋಡಿಸಿ. ಸಿಕ್ಕವರ ಹೆಸರು ಒಂದು ಪುಸ್ತಕದಲ್ಲಿ ಬರೀರಿ. ತಿಂಗಳಿಗೊಂದು ದಿನ ಅವರಿಗೇ ಅಂತ ಓಪಿಡಿ ಇಡಿ. ಆಮೇಲೂ ಅಪರೂಪವೇ ಆಗಿದ್ದರೆ ಬಂದು ಹೇಳಿ, ಒಪ್ಕೋತೀನಿ.

ಅಕ್ಕನ ಸಿಡಿ ನಮ್ಮನೆ ಬೀರುವಿನಲ್ಲಿದೆ. ಯಾವ ಡಾಕ್ಟರಿಗಾದರೂ ಬೇಕಿದ್ದರೆ ಹೇಳಿ, ಅವಳನ್ನ ಕೇಳಿದ್ದೀನಿ, ಕಾಪಿ ಮಾಡಿ ಕೊಡ್ತೀನಿ.