ಕುದುರೆ ವಾಸಿ ಮಾಡುವುದಿಲ್ಲ, ಆಸರೆಯಾಗುತ್ತದೆ

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಕುದುರೆ ಸವಾರಿಯ ಡ್ರೆಸಾಜ್ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗೆದ್ದರು. ಅದಕ್ಕೆ ಎಂಟು ವರ್ಷ ಮೊದಲು ಪೋಲಿಯೊ ತಗುಲಿ ಅವರ ಮೊಣಕಾಲಿನ ಕೆಳಗೆ ಬಲವೇ ಇರಲಿಲ್ಲ. ಕುದುರೆ ಹತ್ತುವುದಕ್ಕೂ ಇಳಿಯುವುದಕ್ಕೂ ಇನ್ನೊಬ್ಬರ ಕೈ ಬೇಕಿತ್ತು. ಆ ಗೆಲುವು ಯುರೋಪಿನಲ್ಲಿ ಹಲವರ ಕಣ್ಣು ತೆರೆಸಿತು. ಬ್ರಿಟನ್ನಿನಲ್ಲಿ 1969ರಲ್ಲಿ ‘ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್’ ಹುಟ್ಟಿತು. ಅಂಗವಿಕಲರಿಗೆ, ಅದರಲ್ಲೂ ಮಕ್ಕಳಿಗೆ, ಕುದುರೆ ಸವಾರಿಯನ್ನು ಆಸರೆಯಾಗಿಸುವ ಇಷ್ಟು ಹಳೆಯ ಪದ್ಧತಿಯ ಮಾತನ್ನು ನಮ್ಮಲ್ಲಿ ಎತ್ತಿದರೆ ಇಂದಿಗೂ ಅವೇ ಆಕ್ಷೇಪಗಳು ಎದುರಾಗುತ್ತವೆ. ಒಂದೊಂದಕ್ಕೂ ಉತ್ತರ ಕೊಡಬೇಕಾಗಿದೆ.

ಮೊದಲನೆಯದು: ‘ಕುದುರೆ ಮೇಲೆ ಕೂರಿಸಿದರೆ ಮಗು ವಾಸಿಯಾಗುತ್ತದೆಯೇ?’

ಇಲ್ಲ. ಹಾಗೆಂದು ಭರವಸೆ ಕೊಡುವವರನ್ನು ನಂಬಬೇಡಿ. ಸೆರೆಬ್ರಲ್ ಪಾಲ್ಸಿಯಲ್ಲಿ ಮಿದುಳಿಗೆ ಆದ ಪೆಟ್ಟನ್ನು ಯಾವ ಕುದುರೆಯೂ ಅಳಿಸಲಾರದು. ಆಟಿಸಂ ಅಂತೂ ಬಿಟ್ಟುಹೋಗುವ ಜ್ವರವಲ್ಲ. ಪದಕ ಗೆದ್ದ ಮೇಲೂ ಹಾರ್ಟೆಲ್ ಅವರ ಕಾಲಿಗೆ ಬಲ ಮರಳಲಿಲ್ಲ. ಆದರೂ ಅವರು ಸವಾರರಾಗಿಯೇ ಉಳಿದರು. ನಾವು ಕೇಳುತ್ತಿರುವುದು ಇಂಥ ಆಸರೆಯನ್ನೇ ಹೊರತು ಪವಾಡವನ್ನಲ್ಲ.

ಎರಡನೆಯದು: ‘ಫಿಸಿಯೋಥೆರಪಿ ಇರುವಾಗ ಕುದುರೆ ಏಕೆ?’

ಕುದುರೆ ಹೆಜ್ಜೆ ಹಾಕುವಾಗ ಅದರ ಬೆನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ, ಹೀಗೆ ಮೂರೂ ದಿಕ್ಕಿನಲ್ಲಿ ಆಡುತ್ತದೆ. ನಾವು ನಡೆಯುವಾಗ ನಮ್ಮ ಸೊಂಟ ಆಡುವುದೂ ಹೆಚ್ಚುಕಡಿಮೆ ಹೀಗೆಯೇ. ಸ್ವಂತ ಕಾಲ ಮೇಲೆ ಎಂದೂ ನಡೆಯದ ಮಗುವಿನ ಸೊಂಟಕ್ಕೆ ನಡಿಗೆಯ ಲಯ ಮುಟ್ಟುವುದು ಇಲ್ಲಿ. ಒಂದೊಂದು ಹೆಜ್ಜೆಗೂ ಮಗುವಿನ ಮೈ ತುಸು ವಾಲುತ್ತದೆ, ತಾನಾಗಿ ಸರಿಪಡಿಸಿಕೊಳ್ಳುತ್ತದೆ. ಬೆನ್ನು ನೆಟ್ಟಗಾಗಲು, ಕತ್ತು ನಿಲ್ಲಲು ಬೇಕಾದ ಅಭ್ಯಾಸ ಇದೇ ತಾನೆ? ಥೆರಪಿಸ್ಟ್ ಕುದುರೆಯ ವೇಗ ಬದಲಿಸುತ್ತಾರೆ, ನಿಲ್ಲಿಸಿ ಮತ್ತೆ ಹೊರಡಿಸುತ್ತಾರೆ, ವೃತ್ತದಲ್ಲಿ ತಿರುಗಿಸುತ್ತಾರೆ. ಪ್ರತಿ ಬದಲಾವಣೆಯೂ ಆ ಮೈಗೆ ಹೊಸ ಪಾಠ. ಜೊತೆಗೆ ಕುದುರೆಯ ಸೆಳೆತವೂ ಇದೆ. ‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಹೇಳುವುದೂ ಅದನ್ನೇ. ವ್ಯಾಯಾಮದ ಚಾಪೆ ಹಾಸಿದರೆ ಅಳುವ ಮಗು ಕುದುರೆ ಕಂಡರೆ ತಾನೇ ಕೈ ಚಾಚುವುದುಂಟು. ಹಾಗೆಂದು ಫಿಸಿಯೋಥೆರಪಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಅದರ ಜೊತೆಗೆ ಇದೂ ಇರಲಿ ಎನ್ನುತ್ತಿದ್ದೇವೆ.

ಮೂರನೆಯದು: ‘ಪುರಾವೆ ಎಲ್ಲಿದೆ?’

ಇದು ನ್ಯಾಯವಾದ ಪ್ರಶ್ನೆ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು 6ರಿಂದ 16 ವರ್ಷದ, ಆಟಿಸಂ ಇರುವ ನೂರಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಹತ್ತು ವಾರ ಸವಾರಿ. ಇನ್ನೊಂದಕ್ಕೆ ಕುದುರೆಯ ಬಗ್ಗೆ ಪಾಠವಷ್ಟೇ, ಕುದುರೆಯ ಸಂಪರ್ಕವಿಲ್ಲ. ಸವಾರಿ ಮಾಡಿದವರಲ್ಲಿ ಸಿಡಿಮಿಡಿ, ಚಡಪಡಿಕೆ ಕಡಿಮೆಯಾದವು, ಆಡುವ ಮಾತು ಹೆಚ್ಚಿತು. ಅದೇ ವರ್ಷ ದಕ್ಷಿಣ ಕೊರಿಯಾದಲ್ಲಿ ಸೆರೆಬ್ರಲ್ ಪಾಲ್ಸಿಯ 92 ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ವಾರಕ್ಕೆರಡು ಬಾರಿ ಅರ್ಧ ಗಂಟೆಯಂತೆ ಎಂಟು ವಾರ ಕುದುರೆ ಏರಿದವರ ಚಲನೆ, ಸಮತೋಲನ ಸುಧಾರಿಸಿದ್ದವು. ಇದಕ್ಕೆ ವಿರುದ್ಧವಾದದ್ದನ್ನೂ ಮುಚ್ಚಿಡುವುದಿಲ್ಲ. 2009ರಲ್ಲಿ ಆಸ್ಟ್ರೇಲಿಯಾದ 99 ಮಕ್ಕಳ ಅಧ್ಯಯನದಲ್ಲಿ ಹತ್ತು ವಾರದ ಸವಾರಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರನ್ನೂ ಎದುರಿಗಿಟ್ಟು ನೋಡಿದರೆ ನನಗೆ ಕಾಣುವುದಿಷ್ಟು: ಎಲ್ಲ ಮಕ್ಕಳಿಗೂ, ಎಲ್ಲ ಕ್ರಮದಲ್ಲೂ ಫಲ ಒಂದೇ ಅಲ್ಲ. ಯಾರಿಗೆ, ಎಷ್ಟು ದಿನ, ಯಾರ ಕೈಯಲ್ಲಿ ಎಂಬುದನ್ನು ಅಳೆದು ನೋಡಬೇಕು. ಆದರೆ ‘ಪುರಾವೆಯೇ ಇಲ್ಲ’ ಎಂಬ ಮಾತು ಸುಳ್ಳು.

ನಾಲ್ಕನೆಯದು: ‘ಬಿದ್ದರೆ ಏನು ಗತಿ?’

ಭಯ ಸಹಜ. ಅದಕ್ಕಾಗಿಯೇ ನಿಯಮಗಳಿವೆ. ತಲೆಗೆ ಹೆಲ್ಮೆಟ್, ಕುದುರೆ ಹಿಡಿದು ನಡೆಸಲು ಒಬ್ಬರು, ಅಗತ್ಯವಿರುವ ಮಗುವಿನ ಎರಡೂ ಪಕ್ಕದಲ್ಲಿ ಒಬ್ಬೊಬ್ಬರು. ಹತ್ತಿಸಲು ಇಳಿಜಾರಿನ ಕಟ್ಟೆ. ಮೊದಲು ವೈದ್ಯರ ಒಪ್ಪಿಗೆ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಾಗಿರುತ್ತದೆ. ಅಂಥವರನ್ನು ಕುದುರೆ ಹತ್ತಿಸಬಾರದು. ಹತೋಟಿಗೆ ಬಾರದ ಮೂರ್ಛೆ ಇರುವವರನ್ನೂ ಅಷ್ಟೆ. ಇದನ್ನು ಕೇಳದೆ ನೇರವಾಗಿ ಹತ್ತಿಸುವ ಜಾಗಕ್ಕೆ ಮಗುವನ್ನು ಕರೆದೊಯ್ಯಲೇಬೇಡಿ.

ಐದನೆಯದು: ‘ಮೂಕಪ್ರಾಣಿಗೆ ಹಿಂಸೆಯಲ್ಲವೇ?’

ದಣಿದ, ನೋವಿರುವ, ಬೆದರಿದ ಕುದುರೆಯಿಂದ ಈ ಕೆಲಸ ಆಗುವುದೇ ಇಲ್ಲ. ಅದರ ನಡಿಗೆಯ ಲಯ ಕೆಟ್ಟರೆ ಮಗುವಿಗೆ ಸಿಗಬೇಕಾದ್ದು ಸಿಗದು. ಹಾಗಾಗಿ ಕುದುರೆಯ ಹಿತ ಇಲ್ಲಿ ಕರುಣೆಯ ಮಾತಷ್ಟೇ ಅಲ್ಲ, ಕೆಲಸದ ಮೊದಲ ಷರತ್ತು. ಭಾರಕ್ಕೆ ಮಿತಿ, ದಿನದ ಕೆಲಸಕ್ಕೆ ಮಿತಿ, ನಡುವೆ ವಿಶ್ರಾಂತಿ, ವಯಸ್ಸಾದ ಮೇಲೆ ನೆಮ್ಮದಿಯ ಲಾಯ: ಇವನ್ನು ಕೊಡಲಾಗದವರು ಕುದುರೆ ಕಟ್ಟಬಾರದು.

ಕೊನೆಯದು: ‘ಇದು ದುಡ್ಡಿದ್ದವರ ಶೋಕಿ.’

ಕುದುರೆ ಸಾಕುವುದು ದುಬಾರಿ, ಒಪ್ಪುತ್ತೇನೆ. ಆದರೆ ಬ್ರಿಟನ್ನಿನ ಆ ಸಂಸ್ಥೆ ನಡೆದುಬಂದಿರುವುದು ಸ್ವಯಂಸೇವಕರ ಬಲದಿಂದ. ಲಗಾಮು ಹಿಡಿಯುವವರು, ಪಕ್ಕದಲ್ಲಿ ನಡೆಯುವವರು ಹೆಚ್ಚಾಗಿ ಊರಿನ ಸಾಮಾನ್ಯ ಜನ. ನಮ್ಮಲ್ಲಿ ಕುದುರೆಗೇನು ಬರವೇ? ಮೈಸೂರಿನಲ್ಲಿ ಅಶ್ವಾರೋಹಿ ಪೊಲೀಸ್ ದಳವಿದೆ, ಬೆಂಗಳೂರು ಮತ್ತು ಮೈಸೂರಿನಲ್ಲಿ ರೇಸ್ ಕ್ಲಬ್‌ಗಳಿವೆ, ಹೆಬ್ಬಾಳದಲ್ಲಿ ಎನ್‌ಸಿಸಿಯ ಅಶ್ವದಳವಿದೆ. ರೇಸಿನ ಕುದುರೆಗಳೆಲ್ಲ ಈ ಕೆಲಸಕ್ಕೆ ಒಗ್ಗುವುದಿಲ್ಲ, ಸೌಮ್ಯವಾದವನ್ನು ಆರಿಸಿ ಪಳಗಿಸಬೇಕು. ಆದರೆ ಲಾಯ, ಪಶುವೈದ್ಯರು, ಕುದುರೆಯ ಮನಸ್ಸು ಬಲ್ಲ ಸಿಬ್ಬಂದಿ ಈಗಾಗಲೇ ಇದ್ದಾರೆ. ಮೇಲಾಗಿ, ಕ್ರೀಡೆ, ಮನರಂಜನೆಗಳಲ್ಲಿ ಅಂಗವಿಕಲರಿಗೆ ಸಮಾನ ಪಾಲು ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸರ್ಕಾರದ ಮೇಲೆ ಹೊರಿಸಿದೆ.

ಈ ಲಾಯಗಳ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಒಂದೇ. ವಾರಕ್ಕೊಂದು ಬೆಳಗ್ಗೆ, ಇಬ್ಬರು ಥೆರಪಿಸ್ಟರ ಜೊತೆ, ಒಂದೆರಡು ಸಾಧು ಕುದುರೆಗಳನ್ನು ಈ ಮಕ್ಕಳಿಗಾಗಿ ಹೊರಗೆ ತನ್ನಿ.