ನಾನೂರೇ ಸಾಕು

ಕುರುವಾ ದ್ವೀಪಕ್ಕೆ ದಿನಕ್ಕೆ 400 ಜನ ಮಾತ್ರ ಅನ್ನುವ ಮಿತಿಯನ್ನು ತೆಗೆಸಬೇಕು ಅಂತ ನಮ್ಮ ಕಡೆಯ ಚಹಾ ಅಂಗಡಿಗಳಲ್ಲಿ ಜೋರು ಮಾತು ನಡೆದಿದೆ. ನಾನು ಕೂಡದು ಅನ್ನುವವನು. ಹಾಗಂದದ್ದಕ್ಕೆ ನನ್ನ ಭಾಮೈದ ಎರಡು ವಾರ ಮಾತು ಬಿಟ್ಟಿದ್ದ. ಅವನದು ಪಾಲ್ವೆಳಿಚ್ಚಂ ರಸ್ತೆಯಲ್ಲಿ ಎಳನೀರು, ಉಪ್ಪು ಖಾರ ಹಚ್ಚಿದ ಅನಾನಸಿನ ವ್ಯಾಪಾರ. ಗಿರಾಕಿ ಕಮ್ಮಿಯಾದರೆ ಅವನ ಮನೆ ಹೇಗೆ ನಡೆಯುತ್ತದೆ ಅನ್ನೋದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಹೇಳಬೇಕು.

ಮಾನಂದವಾಡಿ ಹೊಳೆ, ಪನಮರಂ ಹೊಳೆ ಕೂಡಿ ಕಬಿನಿಯಾದ ಮೇಲೆ ನೀರು ಕವಲೊಡೆದು ಉಳಿಸಿದ ನಡುಗಡ್ಡೆಗಳೇ ಕುರುವಾ. ಒಟ್ಟು ಸುಮಾರು 950 ಎಕರೆ ಕಾಡು, ಮನೆ ಮಠ ಇಲ್ಲ. ಪೇಟೆಯವರಿಗೆ ಅದು ನೀರಾಟದ ಜಾಗ. ಬಿದಿರಿನ ತೆಪ್ಪದಲ್ಲಿ ಕೂರೋದು, ಕೈ ಕೈ ಹಿಡಿದು ಹೊಳೆ ದಾಟೋದು, ಪಾಚಿಗಟ್ಟಿದ ಬಂಡೆ ಮೇಲೆ ನಿಂತು ಫೋಟೋ ತೆಗೆಸೋದು. ಆನೆಗೂ ಅದು ನೀರಾಟದ ಜಾಗವೇ ನೋಡಿ. ಬೇಸಿಗೆಯಲ್ಲಿ ಬಂಡೀಪುರ, ನಾಗರಹೊಳೆ ಕಡೆ ಕೆರೆಕಟ್ಟೆ ಬತ್ತಿದರೆ ಹಿಂಡುಗಳು ನೀರು ಹುಡುಕಿಕೊಂಡು ಇತ್ತ ಬರುತ್ತವೆ. ಮಳೆಗಾಲದಲ್ಲಿ ಹೊಳೆ ತುಂಬಿ ದ್ವೀಪ ಮುಚ್ಚಿರುವುದರಿಂದ ಪ್ರವಾಸಿಗಳು ಬರೋದೂ ಆ ತಿಂಗಳುಗಳಲ್ಲೇ. ಕಡಲ ತೀರದಲ್ಲಾದರೆ ಅಲೆ ಜೋರಾದಾಗ ಕೆಂಪು ಬಾವುಟ ನೆಟ್ಟು ಸೀಟಿ ಊದಬಹುದು. ವರ್ಕಲದಲ್ಲಿ 2024ರ ಮಾರ್ಚಿನಲ್ಲಿ ತೇಲು ಸೇತುವೆಯಿಂದ ಜನ ಅಲೆಗಳ ನಡುವೆ ಬಿದ್ದದ್ದು ನೋಡಿದರೆ, ಅಲ್ಲೂ ಎಲ್ಲ ಸರಿಯಿದೆ ಅನ್ನೋ ಹಾಗಿಲ್ಲ, ಬಿಡಿ. ಇಲ್ಲಿ ಜಾರುವ ಬಂಡೆಯನ್ನೂ ನೋಡಬೇಕು, ಬಿದಿರು ಮೆಳೆಯ ಹಿಂದೆ ನಿಂತದ್ದನ್ನೂ ನೋಡಬೇಕು.

ಅದನ್ನು ನೋಡುವವನು ಯಾರು? ಪ್ರವಾಸಿಯ ಮುಂದೆ ಮುಂದೆ ನಡೆಯುವ ನಮ್ಮೂರ ಹುಡುಗ. 2024ರ ಫೆಬ್ರವರಿ 16ರ ಬೆಳಿಗ್ಗೆ ಕುರುವಾ ಹತ್ತಿರ ಕೆಲಸದಲ್ಲಿದ್ದ ಅಂಥ ಒಬ್ಬ ನೌಕರನನ್ನು ಆನೆ ತುಳಿಯಿತು. ಮೊದಲು ಮಾನಂದವಾಡಿ, ಆಮೇಲೆ ಘಾಟಿ ಇಳಿದು ಕಲ್ಲಿಕೋಟೆ. ಜೀವ ಉಳಿಯಲಿಲ್ಲ. ಅದಕ್ಕೆ ಆರು ದಿನ ಮುಂಚೆ, 10ರಂದು, ಪಡಮಲದಲ್ಲಿ ಆನೆಯೊಂದು ಮನೆಯಂಗಳಕ್ಕೇ ನುಗ್ಗಿ ಒಬ್ಬನನ್ನು ಕೊಂದಿತ್ತು. ಕರ್ನಾಟಕದವರು ಬೇಲೂರು ಕಡೆ ಹಿಡಿದು, ರೇಡಿಯೋ ಕಾಲರ್ ಹಾಕಿ ಕಾಡಿಗೆ ಬಿಟ್ಟಿದ್ದ ಮಖ್ನಾ ಅದು. ಕೊರಳಲ್ಲಿ ಕಾಲರ್ ಇದ್ದೂ ಆ ಮನೆಯವರಿಗೆ ಸುದ್ದಿ ಮುಟ್ಟಿರಲಿಲ್ಲ.

"ಪಡಮಲದಲ್ಲಿ ಯಾವ ಪ್ರವಾಸಿ ಇದ್ದ? ಆನೆ ಹೇಗೂ ಬರುತ್ತೆ, ಜನರನ್ನು ಯಾಕೆ ತಡೀತೀರಿ?" ಅಂತ ಭಾಮೈದ ಕೇಳುತ್ತಾನೆ. ಆನೆ ಬರುವುದು ನಿಜ. ಆದರೆ ಅದರ ದಾರಿಯಲ್ಲಿ ನಮ್ಮವನನ್ನು ಬೆಳಿಗ್ಗೆಯೇ ಕರೆದು ನಿಲ್ಲಿಸಿದ್ದು ಟಿಕೆಟ್ಟು. ಹಿಂದೆ ದಿನಕ್ಕೆ ಸಾವಿರಕ್ಕೂ ಮೇಲೆ ಜನರನ್ನು ಬಿಡುತ್ತಿದ್ದರು. ಅಷ್ಟು ಮಂದಿಯನ್ನು ಹೊಳೆ ದಾಟಿಸಿ, ಕತ್ತಲಾಗುವ ಮುಂಚೆ ಎಣಿಸಿ ವಾಪಸು ತರುವುದು ಹುಡುಗಾಟವೇ?

ಇನ್ನೊಂದು ಮಾತು. ಆ ಸಾವಿನ ನಂತರ ದ್ವೀಪ ಮುಚ್ಚಿತು. ವಿಷಯ ಹೈಕೋರ್ಟಿಗೆ ಹೋಗಿ, ಮತ್ತೆ ತೆರೆದದ್ದು ಅಕ್ಟೋಬರಿನಲ್ಲಿ, ಪಾಕ್ಕಂ ಕಡೆಯಿಂದ 200, ಪಾಲ್ವೆಳಿಚ್ಚಂ ಕಡೆಯಿಂದ 200 ಅಂತ. ನಡುವೆ ಎಂಟು ತಿಂಗಳು ಭಾಮೈದ ಒಂದು ಎಳನೀರೂ ಕೆತ್ತಲಿಲ್ಲ. ಅವನ ಅಂಗಡಿ ಮುಚ್ಚಿಸಿದ್ದು ಮಿತಿಯಲ್ಲ, ಆ ಸಾವು. ನಾನೂರು ಜನ ಬಂದರೆ ನಾನೂರರ ವ್ಯಾಪಾರವಾದರೂ ಇದೆ. ಮಿತಿ ಕಿತ್ತು, ಮತ್ತೊಂದು ಹೆಣ ಬಿದ್ದರೆ ಅದೂ ಇಲ್ಲ.

ಶಾಲೆ ಮಕ್ಕಳನ್ನು ಕರೆತರುವ ಮೇಷ್ಟ್ರುಗಳಿಗೂ ಇದು ಅನ್ವಯಿಸುತ್ತೆ. ಎರಡು ಬಸ್ಸು ಮಕ್ಕಳನ್ನು ಒಟ್ಟಿಗೇ ನೀರಿಗಿಳಿಸಿ "ಗೈಡ್ ನೋಡ್ಕೋತಾನೆ" ಅಂದರೆ ಅವನಿಗಿರುವುದು ಎರಡೇ ಕಣ್ಣು.

ಅರ್ಜಿ ಬರೆಯೋದೇ ಆದರೆ ಹೀಗೆ ಬರೆಯೋಣ: ಟಿಕೆಟ್ಟಿನ ದುಡ್ಡಿನಲ್ಲಿ ಮೊದಲ ಪಾಲು ಕಾವಲಿನವರ ವಿಮೆಗೆ ಹೋಗಬೇಕು. ಕಾಡಂಚಿನಲ್ಲಿ ಯಾರನ್ನೂ ಒಂಟಿಯಾಗಿ ನಿಲ್ಲಿಸಕೂಡದು. ಆನೆ ಇಳಿದಿದೆ ಅಂತ ಕಾವಲಿನವನು ಹೇಳಿದ ದಿನ, ದೂರದಿಂದ ಬಂದವರು ಎಷ್ಟೇ ರೇಗಲಿ, ಕೌಂಟರು ತೆರೆಯಕೂಡದು. ಗಾಯವಾದವರಿಗೆ ಘಾಟಿ ಇಳಿಯದೆ ನಮ್ಮ ಜಿಲ್ಲೆಯಲ್ಲೇ ಪೂರ್ತಿ ಚಿಕಿತ್ಸೆ ಸಿಗಬೇಕು. ಇದಕ್ಕೆ ಮೊದಲ ಸಹಿ ನನ್ನದು. ಎರಡನೆಯದನ್ನು ಭಾಮೈದನಿಂದ ಹಾಕಿಸುವ ಹೊಣೆಯೂ ನನ್ನದೇ.