ಐದು ವ್ಯಾಟ್ ಸಾಕು ಮಾರಾಯ್ರೇ!

ಪುಣೆಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಈ ಊರು ನನಗೆ ಹತ್ತಿಸಿದ ಹುಚ್ಚು ಎರಡು: ಸಹ್ಯಾದ್ರಿಯ ಚಾರಣ, ಹ್ಯಾಮ್ ರೇಡಿಯೋ. ಎರಡನ್ನೂ ಸೇರಿಸಿದ ಆಟವೇ 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ 'ಸಮ್ಮಿಟ್ಸ್ ಆನ್ ದಿ ಏರ್'. ರೇಡಿಯೋ, ಆಂಟೆನಾ, ಬ್ಯಾಟರಿ ಎಲ್ಲ ಹೊತ್ತು ಶಿಖರ ಹತ್ತಬೇಕು, ಕನಿಷ್ಠ ನಾಲ್ಕು ಸ್ಟೇಷನ್ ಜೊತೆ ಮಾತಾಡಿದರೆ ಪಾಯಿಂಟು. ಗಾಡಿಯ ಬ್ಯಾಟರಿ, ಪೆಟ್ರೋಲ್ ಜನರೇಟರ್ ನಡೆಯಲ್ಲ. ಪಾಯಿಂಟಿನ ಮಾತು ಬಿಡಿ, ಹೊತ್ತವನೇ ಮಾತಾಡಬೇಕು ಅನ್ನೋ ಈ ನಿಯಮ ನನಗೆ ತುಂಬಾ ಇಷ್ಟ.

ಹೊಸದಾಗಿ ಲೈಸೆನ್ಸ್ ತಗೊಂಡ ಇಲ್ಲಿನ ಕನ್ನಡದ ಹುಡುಗರು ಕೇಳೋ ಮೊದಲ ಪ್ರಶ್ನೆ, "ಸಾರ್, ಗುಡ್ಡಕ್ಕೆ ಯಾವ ರೇಡಿಯೋ ತಗೊಳ್ಳಲಿ?" ಮನಸ್ಸು ಆಗಲೇ ಐಕಾಮ್ ಐಸಿ-705 ಮೇಲೆ ಕೂತಿರುತ್ತೆ. 2020ರಲ್ಲಿ ಬಂದ ಒಳ್ಳೇ ರೇಡಿಯೋ, ಬಣ್ಣದ ಪರದೆ, ಎಚ್‌ಎಫ್‌ನಿಂದ ಯುಎಚ್‌ಎಫ್ ತನಕ ಎಲ್ಲ ಒಂದರಲ್ಲೇ. ಆದರೆ ಅದಕ್ಕೆಂದು ಸಾಲ ಮಾಡೋದು ಬೇಡ ಅಂತೀನಿ. ಯಾಕೆ?

ಲೆಕ್ಕ ನೋಡಿ. ಐದು ವ್ಯಾಟನ್ನು ಇಪ್ಪತ್ತು ಮಾಡಿದರೂ ಕೇಳುವವರ ಮೀಟರಿನಲ್ಲಿ ಏರೋದು ಒಂದೇ ಒಂದು ಎಸ್-ಯೂನಿಟ್. ಆ 705 ಕೂಡ ತನ್ನ ಸ್ವಂತ ಬ್ಯಾಟರಿಯಲ್ಲಿ ಕೊಡೋದು ಐದೇ ವ್ಯಾಟ್. ಹಳೇ ಯೇಸು ಎಫ್‌ಟಿ-817 ಕೊಡೋದೂ ಅಷ್ಟೇ. ತಂತಿ ಸರಿಯಾಗಿ ಕಟ್ಟಿದವನಿಗೆ ಇಬ್ಬರಲ್ಲಿ ಯಾವುದಿದ್ದರೂ ಬೆಂಗಳೂರು, ಮೈಸೂರು ಸಿಗುತ್ತೆ, ಕೆಟ್ಟದಾಗಿ ಕಟ್ಟಿದವನಿಗೆ ಪಕ್ಕದ ತಾಲ್ಲೂಕೂ ಸಿಗಲ್ಲ.

ಹಾಗಾಗಿ ನನ್ನ ಸಲಹೆ ಉಲ್ಟಾ. ಮೊದಲು ಆಂಟೆನಾ: 40 ಮೀಟರ್ ಬ್ಯಾಂಡಿಗೆ ಸುಮಾರು 20 ಮೀಟರ್ ತೆಳು ತಂತಿ, ತುದಿಗೆ 49:1 ಟ್ರಾನ್ಸ್‌ಫಾರ್ಮರ್, ಮಡಚುವ ಆರು ಮೀಟರ್ ಫೈಬರ್ ಕಂಬ. ತಂತಿ, ಟ್ರಾನ್ಸ್‌ಫಾರ್ಮರ್ ಎರಡನ್ನೂ ಮನೆಯಲ್ಲೇ ಮಾಡಬಹುದು. ಆಮೇಲೆ ಬ್ಯಾಟರಿ: ಮೂರು ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬೆಳಗಿನ ಆಟಕ್ಕೆ ಸಾಕು. ಕೊನೆಗೆ ರೇಡಿಯೋ, ಕೈಗೆಟಕುವ ಬೆಲೆಯ ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ. ಮೋರ್ಸ್ ಬರುತ್ತಾ? ಹಾಗಿದ್ರೆ ಕ್ಯೂಸಿಎಕ್ಸ್-ಮಿನಿ ಕಿಟ್ ನೀವೇ ಬೆಸುಗೆ ಹಾಕಿ. ಒಂದೇ ಬ್ಯಾಂಡು, ಆದರೆ ತೂಕ ಕಾಲು ಕೆಜಿಯೂ ಇಲ್ಲ. ಬರೀ ವಿಎಚ್‌ಎಫ್ ಸಾಕು ಅಂದ್ರೆ ಕೈಯಲ್ಲಿ ಹಿಡಿಯುವ ಸೆಟ್ಟೇ ಸಾಕು. ಎತ್ತರದಲ್ಲಿ ಅಡ್ಡ ಬರೋಕೆ ಏನೂ ಇರಲ್ಲ, ಅರ್ಧ ಕೆಲಸ ಬೆಟ್ಟವೇ ಮಾಡುತ್ತೆ.

ತೂಕದ ಮಾತು ಯಾಕೆ ಇಷ್ಟು ಹೇಳ್ತೀನಿ ಅಂದ್ರೆ, ಮಹಾರಾಷ್ಟ್ರದ ಅತಿ ಎತ್ತರದ ಕಲಸೂಬಾಯಿ (1646 ಮೀಟರ್) ಹತ್ತುವಾಗ ಕಬ್ಬಿಣದ ಏಣಿಗಳಿವೆ. ಅಲ್ಲಿ ಎರಡೂ ಕೈ ಖಾಲಿ ಇರಬೇಕು. ರೇಡಿಯೋ ಭಾರ ಆಯ್ತು ಅಂತ ನೀರಿನ ಬಾಟಲಿ ಕಮ್ಮಿ ಮಾಡುವವರನ್ನು ಕಂಡಿದ್ದೇನೆ. ಅದು ತಪ್ಪು ಜಾಗದಲ್ಲಿ ಉಳಿತಾಯ. ಶಿಖರದಲ್ಲಿ ಭಕ್ತರೂ ಇರ್ತಾರೆ, ತಂತಿ ಯಾರ ಕಾಲಿಗೂ ಸಿಗದಂತೆ ಬದಿಗೆ ಕಟ್ಟಿ. ಗುಡುಗು ಕೇಳಿದರೆ ಕಂಬ ಇಳಿಸಿ, ನೀವೂ ಇಳಿಯಿರಿ. ಬೋಳು ಬೆಟ್ಟದ ಮೇಲೆ ಸಿಡಿಲು ಹುಡುಕೋದು ಅಂಥ ಕಂಬವನ್ನೇ.

ಹ್ಯಾಮ್ ಅನ್ನೋದು ದುಡ್ಡಿದ್ದವರ ಆಟ ಅಂತ ನಮ್ಮ ಹುಡುಗರು ಅಂದುಕೊಂಡರೆ ಅದು ನನಗೆ ನಿಜಕ್ಕೂ ಬೇಜಾರು. ಊರು ಬಿಟ್ಟು ಬಂದವರಿಗೆ, ಮೊಬೈಲ್ ಟವರಿನ ಹಂಗಿಲ್ಲದೆ, ಬೆಟ್ಟದ ತುದಿಯಲ್ಲಿ ಗೊರಗೊರ ಸದ್ದಿನ ನಡುವೆ "ಏನ್ರೀ, ಊಟ ಆಯ್ತಾ?" ಅಂತ ಕೇಳಿಸೋದಿದೆಯಲ್ಲ... ಆ ದನಿ ರೇಡಿಯೋದ ಬೆಲೆ ನೋಡಿ ಬರಲ್ಲ.

ನೀವೇನಂತೀರಿ? ನಿಮ್ಮ ಚೀಲದಲ್ಲಿ ಏನಿದೆ, ಬರೆದು ತಿಳಿಸಿ.